‘ಮರಳುದಿಬ್ಬ’: ನದಿಯದ್ದು ಬೇರೆ, ಕಡಲಿನದ್ದು ಬೇರೆ

ಕರಾವಳಿಯ ಪತ್ರಿಕೆಗಳನ್ನು ಓದುವವರಿಗೆ ‘ಮರಳುದಿಬ್ಬ ತೆರವು’ ಎಂಬ ಮಾತು ಹೊಸದಲ್ಲ. ನೇತ್ರಾವತಿಯಲ್ಲೋ ಸ್ವರ್ಣಾ ನದಿಯಲ್ಲೋ ದಿಬ್ಬಗಳನ್ನು ಗುರುತಿಸಲಾಗಿದೆ, ಮರಳು ತೆಗೆಯುವವರಿಗೆ ಪರವಾನಗಿ ಸಿಗಲಿದೆ ಎಂಬ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಈಚೆಗೆ ಕಡಲತೀರದ ಊರೊಂದರ ಯುವಕ ಮಂಡಲವು ‘ಮರಳುದಿಬ್ಬ ಉಳಿಸೋಣ’ ಎಂದು ಶ್ರಮದಾನಕ್ಕೆ ಕರೆದ ಆಮಂತ್ರಣ ಪತ್ರಿಕೆಯನ್ನು ಓದಿದ ಹಿರಿಯರೊಬ್ಬರು, ‘ತೆಗೆಯಲು ಸರ್ಕಾರವೇ ಅನುಮತಿ ಕೊಡುವುದನ್ನು ಇವರು ಉಳಿಸುವುದೇಕೆ?’ ಎಂದು ನನ್ನನ್ನು ಕೇಳಿದರು. ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ: ತೆರವಿಗೆ ಅನುಮತಿ ಸಿಗುವುದು ನದಿಯೊಳಗಿನ ದಿಬ್ಬಕ್ಕೆ, ಉಳಿಸಬೇಕಾದದ್ದು ಕಡಲತೀರದ ದಿಬ್ಬ, ಎರಡಕ್ಕೂ ಹೆಸರು ಒಂದೇ. ಆದರೆ ಅದೇ ಪತ್ರಿಕೆಯ ಕೆಳಗೆ ‘ಜೆಸಿಬಿಯಿಂದ ದಿಬ್ಬ ನಿರ್ಮಾಣ, ಬಳಿಕ ಗಾಳಿಮರದ ಸಸಿ ನೆಡುವುದು’ ಎಂದಿದ್ದುದನ್ನು ಕಂಡಾಗ, ಕರೆದವರಿಗೂ ಪದದ ಅರ್ಥ ತಿಳಿದಿಲ್ಲವೆಂಬುದು ಖಚಿತವಾಯಿತು.

ಗೊಂದಲದ ಮೂಲ ‘ದಿಬ್ಬ’ ಎಂಬ ಪದದಲ್ಲಿದೆ. ದಿಬ್ಬ, ದಿಣ್ಣೆ, ತಿಟ್ಟು ಇವೆಲ್ಲವೂ ಸುತ್ತಲಿನ ನೆಲಕ್ಕಿಂತ ಎತ್ತರವಾದ ಜಾಗವನ್ನು ಸೂಚಿಸುತ್ತವೆಯೇ ಹೊರತು, ಆ ಎತ್ತರ ಯಾರಿಂದ ಬಂತು ಎಂಬುದನ್ನು ಹೇಳುವುದಿಲ್ಲ. ನೀರು ತಂದು ಹಾಕಿದ್ದೂ ದಿಬ್ಬವೇ, ಗಾಳಿ ಕೂಡಿಸಿದ್ದೂ ದಿಬ್ಬವೇ, ಲಾರಿ ಸುರಿದು ಹೋದದ್ದೂ ದಿಬ್ಬವೇ. ನದಿಯ ನಡುವೆ ಹೂಳು ನಿಂತು ಬೆಳೆದ ದ್ವೀಪಕ್ಕೆ ‘ಕುದ್ರು’ ಎಂಬ ಸೊಗಸಾದ ಹೆಸರಿಟ್ಟ ಕರಾವಳಿಯವರು ಉಳಿದವುಗಳಿಗೆ ಇಂಥ ಬೇರೆ ಬೇರೆ ಹೆಸರು ಕೊಡದೆ ಹೋದದ್ದು ನಮ್ಮ ದುರದೃಷ್ಟ.

‘ಮರಳು’ ಎಂಬ ಪದದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ‘ಹೋದದ್ದು ಮರಳಿ ಬರುತ್ತದೆ, ಆದ್ದರಿಂದಲೇ ಅದು ಮರಳು’ ಎಂಬ ವಿವರಣೆಯನ್ನು ಭಾಷಣಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹಳಗನ್ನಡದಲ್ಲಿ ಈ ಪದದ ರೂಪ ‘ಮಳಲ್’. ತಮಿಳು, ಮಲಯಾಳಂಗಳ ‘ಮಣಲ್’ ಇದರ ಒಡಹುಟ್ಟು. ಹಿಂದಿರುಗು ಎಂಬ ಅರ್ಥದ ‘ಮರಳು’ ಕ್ರಿಯಾಪದಕ್ಕೂ ಇದಕ್ಕೂ ಈಗಿನ ಉಚ್ಚಾರದಲ್ಲಿ ಹೋಲಿಕೆ ಇದೆ, ನಂಟಿಲ್ಲ. ಆದರೂ ಈ ಸುಳ್ಳು ವ್ಯುತ್ಪತ್ತಿ ನಮ್ಮ ತೀರದ ನಡತೆಗೆ ಚೆನ್ನಾಗಿಯೇ ಒಪ್ಪುತ್ತದೆಂದು ಒಪ್ಪಿಕೊಳ್ಳಬೇಕು: ಮುಂಗಾರಿನ ಅಲೆಗಳು ದಡದಿಂದ ಕಿತ್ತೊಯ್ದ ಮರಳಿನ ಬಹುಪಾಲನ್ನು, ಕಡಲು ಶಾಂತವಾದ ತಿಂಗಳುಗಳಲ್ಲಿ ಸಣ್ಣ ಅಲೆಗಳು ಮತ್ತೆ ತಂದು ಹಾಕುತ್ತವೆ.

ಹಾಗೆ ಬಂದು ಒಣಗಿದ ಮರಳನ್ನು ಗಾಳಿ ಒಳನಾಡಿನ ಕಡೆಗೆ ಹಾರಿಸುವಾಗ ಅದನ್ನು ತಡೆದು ಹಿಡಿಯುವ ಗಿಡವಿದ್ದರೆ ಮಾತ್ರ ಕಡಲಿನ ಮರಳುದಿಬ್ಬ ಹುಟ್ಟುತ್ತದೆ. ನೇರಳೆ ಬಣ್ಣದ ಹೂವಿನ, ಆಡಿನ ಗೊರಸಿನಂತೆ ಸೀಳಿದ ಎಲೆಯ ಅಡಂಬು ಬಳ್ಳಿಯ ಪಕ್ಕ ಕುಳಿತು ನೋಡಿದರೆ ಈ ಕೆಲಸ ಕಣ್ಣಿಗೇ ಕಾಣುತ್ತದೆ: ಎಲೆಯ ಮರೆಯಲ್ಲಿ ಗಾಳಿಯ ವೇಗ ತಗ್ಗಿ, ಬೆರಳುದ್ದದ ಬಾಲದ ಹಾಗೆ ಮರಳು ಕೂಡುತ್ತದೆ, ಬಳ್ಳಿ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತಾ ಅದರ ಮೇಲೇರುತ್ತದೆ. ಮುಳ್ಳುಚೆಂಡಿನಂಥ ಕಾಯಿಗೊಂಚಲನ್ನು ತೀರದುದ್ದಕ್ಕೂ ಉರುಳಿಸುವ ರಾವಣನ ಮೀಸೆ ಹುಲ್ಲಿನದ್ದೂ ಇದೇ ಕಸುಬು. ಮರಳು ಮುಚ್ಚಿದಷ್ಟೂ ಮೇಲೆದ್ದು ಬರುವುದು ಇವುಗಳ ಜಾಯಮಾನ. ರಾವಣನ ಮೀಸೆಯ ಸೋದರ ಜಾತಿಯೊಂದು ನ್ಯೂಜಿಲೆಂಡಿನ ಸ್ಥಳೀಯ ಹುಲ್ಲು. ಅಲ್ಲಿನ ಬೇ ಆಫ್ ಪ್ಲೆಂಟಿ ಪ್ರದೇಶದಲ್ಲಿ ‘ಕೋಸ್ಟ್ ಕೇರ್’ ಸ್ವಯಂಸೇವಕರು ಅದನ್ನೂ ಪಿಂಗಾವೊ ಎಂಬ ಇನ್ನೊಂದು ಸ್ಥಳೀಯ ಸಸ್ಯವನ್ನೂ ನೆಟ್ಟು ದಿಬ್ಬಗಳನ್ನು ಮತ್ತೆ ಬೆಳೆಸುತ್ತಾರೆ. ದಿಬ್ಬ ಕಟ್ಟುವ ಕೆಲಸವನ್ನು ಅವರು ಗಾಳಿಗೂ ಹುಲ್ಲಿಗೂ ಬಿಟ್ಟಿದ್ದಾರೆ.

ಇನ್ನು ಗಾಳಿಮರ. ಅದು ನಮ್ಮ ಕಡಲತೀರದ್ದೇ ಎಂಬಷ್ಟು ಬಳಕೆಯಾಗಿದ್ದರೂ, 1868ರ ಸುಮಾರಿಗೆ ಕಾರವಾರದಲ್ಲಿ ತಂದು ನೆಟ್ಟ ಮರ. ಅದರ ಉಪಯೋಗಗಳ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರ ಬುಡದಲ್ಲಿ ದಪ್ಪಗೆ ಹಾಸಿಕೊಳ್ಳುವ ದರಗಿನ ನಡುವೆ ಅಡಂಬು ಬಳ್ಳಿ ಏಳುವುದು ಕಷ್ಟ. ದಿಬ್ಬದ ಮುಂಭಾಗದಲ್ಲಿ ಅದನ್ನು ನೆಟ್ಟು ‘ಸ್ಥಳೀಯ ಸಸ್ಯಗಳಿಂದ ದಿಬ್ಬದ ಪುನರುಜ್ಜೀವನ’ ಎಂದು ಕರೆಯುವುದಂತೂ ಸಲ್ಲದು.

ಕಾನೂನು ಈ ಎರಡು ದಿಬ್ಬಗಳನ್ನು ಒಂದೇ ಎಂದು ತಿಳಿದಿಲ್ಲ. ಕಡಲತೀರದ ದಿಬ್ಬಗಳು ಕರಾವಳಿ ನಿಯಂತ್ರಣ ವಲಯದ 2011ರ ಅಧಿಸೂಚನೆಯಲ್ಲೂ 2019ರ ಅಧಿಸೂಚನೆಯಲ್ಲೂ ಪರಿಸರ ಸೂಕ್ಷ್ಮವಾದ ಮೊದಲನೆಯ ವರ್ಗಕ್ಕೆ ಸೇರಿವೆ. ತೆರವಿನ ಪರವಾನಗಿಯ ಮಾತು ನದಿಯೊಳಗೆ ದೋಣಿಗಳಿಗೆ ಅಡ್ಡವಾಗಿ ಕೂತ ಮರಳಿಗೆ ಸಂಬಂಧಿಸಿದ್ದು. ಪತ್ರಿಕೆಗಳು ಎರಡನೆಯದನ್ನು ‘ನದಿಯ ಹೂಳುಮರಳು’ ಎಂದು ಬರೆದರೆ ಅರ್ಧ ಗೊಂದಲ ತೀರುತ್ತದೆ. ಉಳಿದರ್ಧಕ್ಕಾಗಿ ಯುವಕ ಮಂಡಲದವರಿಗೆ ಹೀಗೆ ಹೇಳಿ ಕಳುಹಿಸಿದ್ದೇನೆ: ಜೆಸಿಬಿ ಬೇಡ, ಮಳೆಗಾಲದ ಕಡಲಬ್ಬರ ಇಳಿದ ಮೇಲೆ ಅಡಂಬಿನ ತುಂಡುಗಳನ್ನು ನೆಡಿ, ತೆಂಗಿನ ಗರಿಯ ತಗ್ಗು ಬೇಲಿ ಕಟ್ಟಿ, ಜನರು ನಡೆದು ಹೋಗಲು ಒಂದೇ ದಾರಿ ಬಿಡಿ, ಆಮಂತ್ರಣದಲ್ಲಿ ‘ನಿರ್ಮಾಣ’ ಎಂಬ ಪದವನ್ನು ಹೊಡೆದುಹಾಕಿ.