ಸೌತೆ ಮಿಡಿ ಕೊಳೆತದ್ದು ಬೆರಳಿಂದಲ್ಲ

ಸಣ್ಣವನಿದ್ದಾಗ ಚಪ್ಪರದ ಕೆಳಗೆ ನಿಂತು ಸೌತೆ ಮಿಡಿ ಎಣಿಸಲು ಹೋದರೆ ಅಮ್ಮಮ್ಮ ಕೈಗೇ ಒಂದು ಬಿಡುತ್ತಿದ್ದಳು. "ಏ ಮಾಣಿ, ಬೆರಳು ತೋರ್ಸಡ, ಕೊಳೆತು ಹೋಗ್ತು!" ಶಿರಸಿ ಕಡೆ ಈ ಮಾತು ಕೇಳದೆ ಬೆಳೆದವರು ಕಡಿಮೆ. ತಮಾಷೆ ಏನೆಂದರೆ, ಎರಡು ದಿನ ಬಿಟ್ಟು ನೋಡಿದರೆ ಮಿಡಿ ನಿಜಕ್ಕೂ ಹಳದಿಯಾಗಿ ಮುರುಟಿರುತ್ತಿತ್ತು.

ಹಣ್ಣುನೊಣ ಚುಚ್ಚಿಯೂ ಕಾಯಿ ಕೊಳೆಯುತ್ತದೆ, ಅದು ಬೇರೆ ಕತೆ. ನಾನು ಹೇಳುತ್ತಿರುವುದು ತುದಿಯಲ್ಲಿ ಇನ್ನೂ ಹೂವು ಅಂಟಿಕೊಂಡಿರುವ, ಕಿರುಬೆರಳಿನಷ್ಟು ಉದ್ದದ ಮಿಡಿ. ಅದು ಕಾಯಿಯೇ ಅಲ್ಲ! ಹೆಣ್ಣು ಹೂವು ಹುಟ್ಟುವಾಗಲೇ ಅದನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿರುತ್ತದೆ. ಗಂಡು ಹೂವಿಗೆ ಅದಿಲ್ಲ, ಬರೀ ತೊಟ್ಟು. ಮಿಡಿ ಕಾಯಿ ಆಗಬೇಕೋ ಉದುರಬೇಕೋ ಎಂಬುದು ಹೂವು ಅರಳಿದ ಆ ಒಂದೇ ದಿನದಲ್ಲಿ ತೀರ್ಮಾನವಾಗುತ್ತದೆ.

ಒಳಗೆ ನಡೆಯುವುದು ಇಷ್ಟು. ಮಿಡಿಯಲ್ಲಿ ಬೀಜವಾಗಲು ಕಾದಿರುವ ಕಣಗಳು ನೂರಾರು. ಒಂದೊಂದಕ್ಕೂ ಒಂದೊಂದು ಪರಾಗದ ಕಣ ಬೇಕು. ಪರಾಗ ಹೆಣ್ಣು ಹೂವಿನ ಅಂಟಾದ ತುದಿಯಲ್ಲಿ ಕೂತು, ಮೊಳಕೆ ಬಂದ ಹಾಗೆ ಸಣ್ಣ ನಳಿಗೆ ಇಳಿಬಿಟ್ಟು ಬೀಜದವರೆಗೆ ಹೋಗುತ್ತದೆ. ಊರಿಗೆ ಕರೆಂಟು ಬಂದರೆ ಸಾಲದು, ಮನೆಮನೆಗೂ ವೈರು ಎಳೆಯಬೇಕಲ್ವಾ, ಹಾಗೆ. ವೈರು ಬಂದ ಬೀಜ ಹಾರ್ಮೋನು ಕಳಿಸಿ ಸುತ್ತಲಿನ ತಿರುಳನ್ನು ಉಬ್ಬಿಸುತ್ತದೆ. ಬಳ್ಳಿಯೂ ಊಟಕ್ಕೆ ಎಷ್ಟು ಜನ ಬಂದಿದ್ದಾರೆ ಎಂದು ಎಣಿಸಿ ಅಕ್ಕಿ ಹಾಕುವ ಅಡುಗೆಭಟ್ಟರ ಹಾಗೆ. ಪಂಕ್ತಿ ತುಂಬಿದರೆ ಕಾಯಿ ತುಂಬುತ್ತದೆ. ಒಂದು ಕಡೆ ಮಾತ್ರ ಜನ ಕೂತಿದ್ದರೆ ಕಾಯಿ ಸೊಟ್ಟ. ಯಾರೂ ಬರದಿದ್ದರೆ ಒಲೆಯೇ ಹಚ್ಚುವುದಿಲ್ಲ, ಮಿಡಿ ಉದುರುತ್ತದೆ.

ಸೌತೆಯ ಪರಾಗ ಅಂಟಂಟು, ಗಾಳಿಗೆ ಹಾರುವುದಿಲ್ಲ. ಜೇನೋ ಇನ್ಯಾವುದೋ ಹುಳವೋ ಹೊತ್ತು ತರಬೇಕು, ಅದೂ ಒಂದೆರಡು ಸಲ ಬಂದರೆ ಸಾಲದು. ನಮ್ಮಲ್ಲಿ ಸೌತೆ ಹೂ ಬಿಡುವುದೋ ಜಡಿಮಳೆಯಲ್ಲಿ, ಜೇನು ಹೊರಬೀಳದ ಹೊತ್ತಿನಲ್ಲಿ. ಬೈಸಿಕೊಂಡದ್ದು ಮಾತ್ರ ಬೆರಳು.

ಜೇನಿಲ್ಲದಿದ್ದರೆ ಏನಾಗುತ್ತದೆ ಎಂದು ನಮ್ಮ ಸೀಮೆಯವರಿಗೆ ಚೆನ್ನಾಗಿ ಗೊತ್ತಿರಬೇಕಿತ್ತು. 2000ದ ಆಸುಪಾಸಿನ ವೆನಿಲ್ಲಾ ಹುಚ್ಚು ನೆನಪಿದೆಯಾ? ಬೆಳಗಾದರೆ ಮನೆಮಂದಿಯೆಲ್ಲ ಕಡ್ಡಿ ಹಿಡಿದು ತೋಟಕ್ಕೆ ಹೋಗಿ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದೆವು. ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ. ಬಳ್ಳಿ ಊರೂರು ಸುತ್ತಿತು, ಅಲ್ಲಿನ ಜೇನು ಜೊತೆಗೆ ಬರಲಿಲ್ಲ, ಹೀಗಾಗಿ ಬೇರೆ ಕಡೆ ಕಾಯಿಯೇ ಕಚ್ಚುತ್ತಿರಲಿಲ್ಲ. ಕಡ್ಡಿಯ ಸುಲಭದ ಉಪಾಯ ಕಂಡುಹಿಡಿದದ್ದು 1841ರಲ್ಲಿ, ರಿಯೂನಿಯನ್ ದ್ವೀಪದಲ್ಲಿ, ಎಡ್ಮಂಡ್ ಎಂಬ 12 ವರ್ಷದ ಗುಲಾಮ ಹುಡುಗ. ದುಡ್ಡು ಮಾಡಿದವರು ಬೇರೆಯವರು, ಅವನು ಬಡವನಾಗಿಯೇ ಸತ್ತ. ನಮ್ಮಲ್ಲಿ ದರ ಬಿತ್ತು, ಕಡ್ಡಿ ಬಿಸಾಡಿದೆವು. ಒಂದು ಜೇನು ಪುಕ್ಕಟೆ ಮಾಡುವ ಕೆಲಸಕ್ಕೆ ಎಷ್ಟು ಆಳು ಬೇಕು ಎಂಬ ಲೆಕ್ಕವನ್ನೂ ಅಲ್ಲೇ ಬಿಸಾಡಿದೆವು.

ಈಗ ಹಿತ್ತಿಲಲ್ಲಿ ಎರಡು ತುಡುವೆ ಜೇನಿನ ಪೆಟ್ಟಿಗೆ ಇವೆ. ಹೆಜ್ಜೇನು ಪೆಟ್ಟಿಗೆಗೆ ಒಗ್ಗುವುದಿಲ್ಲ, ತುಡುವೆ ಒಗ್ಗುತ್ತದೆ, ಆದರೆ ಸಿಟ್ಟು ಬಂದರೆ ಮನೆ ಬಿಡುತ್ತದೆ. ಮೊದಲ ವರ್ಷ ಮೇ ತಿಂಗಳಲ್ಲಿ ಆಸೆಗೆ ಬಿದ್ದು ಜೇನುತುಪ್ಪವನ್ನೆಲ್ಲ ತೆಗೆದೆ. ಮಳೆಗಾಲಕ್ಕೆಂದು ಅವು ಕೂಡಿಟ್ಟ ಕಣಜ ಅದು. ಜೂನ್ ಮುಗಿಯುವುದರೊಳಗೆ ಪೆಟ್ಟಿಗೆ ಖಾಲಿ. ಸಕ್ಕರೆ ಪಾಕ ಇಟ್ಟು ಉಳಿಸಿಕೊಳ್ಳುವವರಿದ್ದಾರೆ, ನನಗೆ ಅದು ಅನ್ನ ಕಿತ್ತುಕೊಂಡು ಗ್ಲೂಕೋಸು ಏರಿಸಿದ ಹಾಗೆ ಕಾಣುತ್ತದೆ. ಈಗ ಅವುಗಳ ಪಾಲು ಬಿಟ್ಟೇ ತೆಗೆಯುತ್ತೇನೆ.

ಇನ್ನೊಂದು ತಪ್ಪು ತಿಳುವಳಿಕೆ ಕಂಡರೆ ಮೈ ಉರಿಯುತ್ತದೆ. ಸಾವಯವ ಎಂದ ಮಾತ್ರಕ್ಕೆ ಜೇನಿಗೆ ಅಪಾಯ ಇಲ್ಲ ಎಂದಲ್ಲ. ಬೇವಿನ ಎಣ್ಣೆಗೆ ಸಾಬೂನು ಕಲಸಿ ಬೆಳಗ್ಗೆ ಒಂಬತ್ತಕ್ಕೆ ಅರಳಿದ ಹೂವಿನ ಮೇಲೆ ಹೊಡೆದರೆ ಅಲ್ಲಿ ಕೂತ ಜೇನೂ ನೆನೆಯುತ್ತದೆ. ಹೊಡೆಯಲೇಬೇಕಿದ್ದರೆ ಕತ್ತಲಾಗುವಾಗ, ಹೂವು ಬಿಟ್ಟು ಎಲೆಗೆ ಹೊಡೆಯಿರಿ.

ಕಳೆದ ಮಳೆಗಾಲ ಬೆರಳಿನ ವಿಚಾರ ಇತ್ಯರ್ಥ ಮಾಡಿಯೇ ಬಿಡೋಣ ಎಂದು ಹತ್ತು ಮಿಡಿಗಳಿಗೂ ಬೇಕೆಂದೇ ಬೆರಳು ತೋರಿಸಿದೆ. ಅದರಲ್ಲಿ ಐದಕ್ಕೆ ಮಾತ್ರ ಗಂಡು ಹೂವಿನ ಎಸಳು ಕಿತ್ತು ಪರಾಗ ಉಜ್ಜಿ, ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿದೆ. ಐದು ದಿನ ಬಿಡದೆ ಮಳೆ. ದಾರದ ಐದರಲ್ಲಿ ನಾಲ್ಕು ನಿಂತವು, ಉಳಿದ ಐದರಲ್ಲಿ ಒಂದು.

ಅಮ್ಮಮ್ಮನನ್ನು ಕೈ ಹಿಡಿದು ಚಪ್ಪರದ ಕೆಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಒಂದೊಂದನ್ನೂ ನೋಡಿದಳು. "ಅದೇ ಹೇಳಿದ್ನಲ. ಕೆಂಪು ದಾರ ಕಟ್ಟಿದ್ದಕ್ಕೇ ದೃಷ್ಟಿ ತಾಗಿದ್ದಿಲ್ಲೆ."