ಸೆರಗಿನ ಕುಚ್ಚು, ಯೀಸ್ಟಿನ ಗಂಟು
ವರ್ಣತಂತುವಿನ ತುದಿ, ಅಂದರೆ ಟೆಲೋಮಿಯರ್, ಉದ್ದ ಮಾಡಿಕೊಂಡರೆ ಮುಪ್ಪೇ ಬರಲ್ಲ ಅಂತ ಮಾತ್ರೆ ಮಾರುವವರಿದ್ದಾರೆ. ಅವರು ಹುಬ್ಬಳ್ಳಿಯ ಯಾವುದಾದರೂ ಬೇಕರಿಗೆ ಹೋಗಿ ಬ್ರೆಡ್ ಉಬ್ಬಿಸುವ ಯೀಸ್ಟನ್ನು ಕೇಳಲಿ. ಅದು ತನ್ನ 16 ವರ್ಣತಂತುಗಳ 32 ತುದಿಗಳನ್ನೂ ಸವೆಯದಂತೆ ರಿಪೇರಿ ಮಾಡಿಕೊಳ್ಳುತ್ತಲೇ ಇರುತ್ತದೆ. ಆದರೂ ಒಂದು ತಾಯಿಕೋಶ ಸುಮಾರು 25 ಮರಿ ಹಾಕಿ ನಿಂತುಬಿಡುತ್ತದೆ.

ನನಗೆ ಉದ್ದಕ್ಕಿಂತ ಆ ತುದಿಯ ಆಕಾರದ ಮೇಲೆ ಮೋಹ ಜಾಸ್ತಿ. ಡಿಎನ್‌ಎ ಎಂದರೆ ತಿರುಚಿದ ಏಣಿ ಅಂತ ಓದಿದ್ದೇವೆ, ಅಲ್ವಾ? ಅದರ ಎರಡು ಎಳೆಗಳೂ ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ‘ಅಕ್ಷರ’ಗಳ ಸಾಲು. ಯೀಸ್ಟಿನ ತುದಿಯಲ್ಲಿ ಸುಮಾರು 300 ಅಕ್ಷರಗಳವರೆಗೆ ಒಂದು ಎಳೆಯಲ್ಲಿ ಬರೀ ಟಿ ಮತ್ತು ಜಿ. ಕೊನೆಗೆ ಆ ಎಳೆ ಜೋಡಿಯಿಲ್ಲದೆ ಚೂರು ಹೊರಗೆ ಚಾಚಿರುತ್ತದೆ. ಜೋಡಿ ಸಿಗದ ಜಿ ಸುಮ್ನೆ ಕೂರುವ ಪೈಕಿ ಅಲ್ಲ. ನಾಲ್ಕು ಜಿ ಕೈಕೈ ಹಿಡಿದು ಒಂದು ಚೌಕ. ಅದರ ಮೇಲೆ ಇನ್ನೊಂದು, ಜೋಳದ ರೊಟ್ಟಿ ಪೇರಿಸಿದ ಹಾಗೆ. ನಡುವೆ ಪೊಟ್ಯಾಸಿಯಂ ಮೊಳೆಯಂತೆ ಕೂತು ಬಿಗಿ ಮಾಡುತ್ತದೆ. ಇದೇ ಜಿ-ಕ್ವಾಡ್ರುಪ್ಲೆಕ್ಸ್. ಈ ಚೌಕವನ್ನು 1962ರಲ್ಲೇ ಮಾರ್ಟಿನ್ ಗೆಲರ್ಟ್ ಮತ್ತು ಜೊತೆಗಾರರು ಗುರುತಿಸಿದ್ದರು. ಆಗ ಅವರ ಮುಂದಿದ್ದದ್ದು ವರ್ಣತಂತುವಲ್ಲ, ಜಿ ಇರುವ ರಾಸಾಯನಿಕದ ಒಂದು ಲೋಳೆ!

ಧಾರವಾಡದ ಹೆಣ್ಣುಮಕ್ಕಳು ಸೆರಗಿಗೆ ಕುಚ್ಚು ಕಟ್ಟುವುದು ಬರೀ ಅಂದಕ್ಕಲ್ಲ, ಎಳೆ ಬಿಚ್ಚದಿರಲಿ ಅಂತ. ಯೀಸ್ಟಿನಲ್ಲಿ ಆ ಕೆಲಸ ಸಿಡಿಸಿ13 ಎಂಬ ಪ್ರೋಟೀನಿನದು. ಅದು ಕೈಕೊಟ್ಟರೆ ಕಿಣ್ವಗಳು ಬಂದು ಜೊತೆಗಿನ ಎಳೆಯನ್ನು ಮೆಲ್ಲತೊಡಗುತ್ತವೆ. 2011ರಲ್ಲಿ ಸಂಶೋಧಕರು ಸಿಡಿಸಿ13 ಕೆಟ್ಟ ಯೀಸ್ಟಿನಲ್ಲಿ ಈ ಜಿ-ಗಂಟುಗಳನ್ನು ಬಿಗಿಗೊಳಿಸಿ ನೋಡಿದರು. ಸಾಯಬೇಕಾದ ಕೋಶಗಳು ಸುಧಾರಿಸಿಕೊಂಡವು. ಕುಚ್ಚು ಕಟ್ಟುವವರು ಇಲ್ಲದಾಗ ಎಳೆಯೇ ತನಗೆ ತಾನು ಗಂಟು ಹಾಕಿಕೊಂಡ ಹಾಗೆ!

ಆದರೆ ನಮ್ಮ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಕಡೆ ಬಟ್ಟೆ ಚೊಕ್ಕ ಕಾಣಬೇಕು. ವರ್ಣತಂತುವಿನ ನಡುಭಾಗದ್ದೂ ಅದೇ ಕಟ್ಟುನಿಟ್ಟು. ಅಲ್ಲಿ ಜಿ-ಗಂಟು ಬಿದ್ದರೆ ನಕಲು ತೆಗೆಯುವ ಯಂತ್ರ ತಡವರಿಸುತ್ತದೆ, ಎಳೆ ಹರಿಯಲೂಬಹುದು. ಬಿಚ್ಚುವುದಕ್ಕೆ ಪಿಫ್1 ಎಂಬ ಕಿಣ್ವವಿದೆ. ತುದಿ ಉದ್ದ ಮಾಡುವ ಟೆಲೋಮರೇಸ್ ಅನ್ನು ಜಾಗದಿಂದ ಎಬ್ಬಿಸಿ ಕಳಿಸುವುದೂ ಇದೇ.

ಹಾಗಾದರೆ ಪಿಫ್1 ತೆಗೆದುಬಿಟ್ಟರೆ? ಮಾತ್ರೆ ಮಾರುವವರಿಗೆ ಖುಷಿಯ ಸುದ್ದಿ: ತುದಿ ನಿಜಕ್ಕೂ ಉದ್ದವಾಗುತ್ತದೆ. ಜೊತೆಗೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಡಿಎನ್‌ಎ ಕೈತಪ್ಪಿ ಹೋಗಿ, ಯೀಸ್ಟು ಉಸಿರಾಡಲಾರದೆ ಕುಳ್ಳ ಕುಳ್ಳ ಗುಂಪಾಗಿ ಬೆಳೆಯುತ್ತದೆ.