ಬಗ್ ನಂಬರ್ ಅಂದರೆ ಸರ್ವೆ ನಂಬರ್ ಇದ್ದ ಹಾಗೆ

ಕೆಲವು ವರ್ಷಗಳ ಹಿಂದೆ ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಓದಿ ತಿದ್ದಬಹುದಾದ) ಪ್ರಾಜೆಕ್ಟಿನ ಕೋಡ್ ಓದುತ್ತಾ ಕೂತಿದ್ದೆ. ಫೈಲ್ ಸೇವ್ ಮಾಡುವ ಜಾಗದಲ್ಲಿ ಒಂದು ವಿಚಿತ್ರ ಸಾಲು ಕಂಡಿತು. ಫೈಲ್ ಬರೆದು ಮುಗಿಸಿದ ಮೇಲೆ ಅದನ್ನೇ ಮತ್ತೆ ತೆರೆದು, ಓದಿ, ಮುಚ್ಚುತ್ತಿತ್ತು. ಯಾಕೆ ಅಂತ ತಿಳಿಯಲಿಲ್ಲ. ಪಕ್ಕದಲ್ಲಿ ಟಿಪ್ಪಣಿ ಇತ್ತು: "ಈ ಸಾಲು ತೆಗೆಯಬೇಡಿ. ಬಗ್ 1482 ನೋಡಿ." ಸರಿ, ನೋಡೋಣ ಅಂತ ಟ್ರ್ಯಾಕರಿಗೆ, ಅಂದರೆ ಬಗ್‌ಗಳ (ಕೋಡಿನ ತಪ್ಪುಗಳ) ದೂರುಗಳನ್ನು ನಂಬರ್ ಹಾಕಿ ಇಡುವ ತಾಣಕ್ಕೆ ಹೋಗಿ 1482 ತೆರೆದೆ. ಅಲ್ಲಿ ಯಾರೋ ಐಕಾನಿನ ಬಣ್ಣ ಬದಲಿಸಿ ಅಂತ ಕೇಳಿದ್ದರು.

ನಂಬರ್ ಬರೆದವರು ತಪ್ಪು ಮಾಡಿರಲಿಲ್ಲ. ನಡುವೆ ಪ್ರಾಜೆಕ್ಟ್ ತನ್ನ ಟ್ರ್ಯಾಕರನ್ನೇ ಬದಲಿಸಿತ್ತು. ಹೊಸ ಕಡೆ ಎಣಿಕೆ ಮತ್ತೆ ಒಂದರಿಂದ ಶುರುವಾಗಿತ್ತು. ಹಳೆಯ ಸರ್ವರಿನ ಬಾಡಿಗೆ ಕಟ್ಟುವವರು ಯಾರೂ ಇಲ್ಲದೆ ಅದು ನಿಂತುಹೋಗಿತ್ತು. ಆ ಒಂದು ಸಾಲಿಗಾಗಿ ಎರಡು ದಿನ ಹುಡುಕಾಡಿದೆ.

ಆಮೇಲೆ ಒಂದು ಟ್ರ್ಯಾಕರಿನಿಂದ ಇನ್ನೊಂದಕ್ಕೆ ದೂರುಗಳನ್ನು ಒಯ್ಯುವ ಇಂಥ ಮೂರು ಸಾಗಾಟಗಳಲ್ಲಿ ನಾನೇ ಕೆಲಸ ಮಾಡಿದ್ದೇನೆ. ಪ್ರತಿ ಸಲವೂ ಮೊದಲ ಸಭೆಯಲ್ಲಿ ಚರ್ಚೆ ಆಗುವುದು ಒಂದೇ ವಿಷಯ: ಯಾವ ಟ್ರ್ಯಾಕರ್ ಒಳ್ಳೆಯದು? ನಾನು ಕೇಳುವ ಪ್ರಶ್ನೆ ಬೇರೆ. ಹಳೆಯ ನಂಬರುಗಳನ್ನು ಏನು ಮಾಡುತ್ತೀರಿ?

ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂದಾಗ ಕೈಬರಹದ ಪಹಣಿ ಕಂಪ್ಯೂಟರಿಗೆ ಹೋಯಿತು. ಕಾಗದ ಬದಲಾಯಿತು, ಕೊಡುವ ಕಿಟಕಿ ಬದಲಾಯಿತು. ಸರ್ವೆ ನಂಬರ್ ಮಾತ್ರ ಅದೇ ಉಳಿಯಿತು. ಅಜ್ಜನ ಕಾಲದ ಕ್ರಯಪತ್ರದಲ್ಲಿ, ಕೋರ್ಟಿನ ಕಾಗದದಲ್ಲಿ, ಬ್ಯಾಂಕಿನ ಸಾಲದ ಫೈಲಿನಲ್ಲಿ ಇರುವುದು ಆ ನಂಬರ್ ತಾನೇ? ಬಗ್ ನಂಬರೂ ಹಾಗೆಯೇ. ಅದು ಟ್ರ್ಯಾಕರಿನ ಒಳಗೆ ಮಾತ್ರ ಇರುವುದಿಲ್ಲ. ಕಮಿಟ್ ಸಂದೇಶಗಳಲ್ಲಿ (ಕೋಡಿನ ಪ್ರತಿ ಬದಲಾವಣೆಯ ಜೊತೆ ಬರೆಯುವ ಮಾತುಗಳಲ್ಲಿ) ಇರುತ್ತದೆ, ಕೋಡಿನ ಟಿಪ್ಪಣಿಗಳಲ್ಲಿ ಇರುತ್ತದೆ, ಬಿಡುಗಡೆಯ ಪಟ್ಟಿಗಳಲ್ಲಿ, ಬೇರೆ ಪ್ರಾಜೆಕ್ಟುಗಳ ದೂರುಗಳಲ್ಲಿ, ಟೆಸ್ಟ್ ಫೈಲುಗಳ ಹೆಸರಲ್ಲಿ ಇರುತ್ತದೆ. ಅದನ್ನೆಲ್ಲ ಹಿಂದೆ ಹೋಗಿ ತಿದ್ದಲು ಆಗುವುದಿಲ್ಲ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ಗಿಟ್‌ನಲ್ಲಿ ಹಳೆಯ ಕಮಿಟ್ ಸಂದೇಶ ಬದಲಿಸಿದರೆ ಅಲ್ಲಿಂದ ಮುಂದಿನ ಎಲ್ಲ ಕಮಿಟ್‌ಗಳ ಗುರುತೂ ಬದಲಾಗುತ್ತದೆ.

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಕೆಲಸ ವಿಕಿಪೀಡಿಯ ನಡೆಸುವ ವಿಕಿಮೀಡಿಯದವರದು. 2014ರ ನವೆಂಬರಿನಲ್ಲಿ ಅವರು ಬಗ್ಜಿಲ್ಲಾ ಎಂಬ ಟ್ರ್ಯಾಕರ್ ಬಿಟ್ಟು ಫ್ಯಾಬ್ರಿಕೇಟರ್ ಎಂಬ ಇನ್ನೊಂದಕ್ಕೆ ಹೋದರು. ಕನ್ನಡ ವಿಕಿಪೀಡಿಯದವರು ತಮ್ಮ ವಿಕಿಯ ಒಂದು ಸೆಟ್ಟಿಂಗ್ ಬದಲಾಗಬೇಕು ಅಂದರೂ ಅರ್ಜಿ ಹಾಕುವುದು ಅಲ್ಲಿಯೇ. 70 ಸಾವಿರಕ್ಕೂ ಜಾಸ್ತಿ ದೂರುಗಳನ್ನು ಸಾಗಿಸಬೇಕಿತ್ತು. ಆದರೆ ಹೊಸ ಟ್ರ್ಯಾಕರಿನಲ್ಲಿ ಶುರುವಿನ ನಂಬರುಗಳು ಆಗಲೇ ಖರ್ಚಾಗಿದ್ದವು. ಅವರು ಮಾಡಿದ್ದು ಸರಳ: ಹಳೆಯ ನಂಬರಿಗೆ 2000 ಕೂಡಿಸಿದರು. ಬಗ್ 1 ಈಗ ಟಿ2001. ಬಗ್ 40000 ಈಗ ಟಿ42000. ಹತ್ತು ವರ್ಷ ಹಳೆಯ ಕಮಿಟ್‌ನಲ್ಲಿ ಒಂದು ನಂಬರ್ ಕಂಡರೂ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೊಸ ಜಾಗ ತಲುಪಬಹುದು. ಬಗ್ಜಿಲ್ಲಾದ ಒಂದು ಪ್ರತಿಯನ್ನು ಬರೀ ಓದಲು ಅಂತ ಬೇರೆ ವಿಳಾಸದಲ್ಲಿ ಇಟ್ಟರು.

ದೂರು ಬರೆದವರ ಹೆಸರಿನ ವಿಷಯಕ್ಕೂ ಅವರು ದಾರಿ ಮಾಡಿದ್ದರು. ಹೊಸ ಟ್ರ್ಯಾಕರಿನಲ್ಲಿ ಇನ್ನೂ ಖಾತೆ ಇಲ್ಲದವರ ಬರಹವೆಲ್ಲ ಮೊದಲು ಬಿಝಡ್‌ಇಂಪೋರ್ಟ್ ಎಂಬ ಒಂದೇ ಹೆಸರಿನಲ್ಲಿ ಬಂತು. ಆಮೇಲೆ ಯಾರಾದರೂ ಹಳೆಯ ಇಮೇಲ್ ಕೊಟ್ಟು, ಅದು ತಮ್ಮದೇ ಅಂತ ಖಚಿತ ಮಾಡಿದರೆ ಅವರ ಬರಹ ಅವರ ಹೆಸರಿಗೆ ಸೇರುತ್ತಿತ್ತು. ನಮ್ಮ ಭಾಷೆಯಲ್ಲಿ ಖಾತೆ ಬದಲಾವಣೆ ಅನ್ನಬಹುದು, ಅಲ್ವಾ? ಸಂಬಳವಿಲ್ಲದೆ ಕೆಲಸ ಮಾಡಿದವರಿಗೆ ಸಿಗುವುದು ಆ ಹೆಸರೊಂದೇ. ಅದನ್ನು ಅಳಿಸಿಹಾಕುವ ಸಾಗಾಟಕ್ಕೆ ನಾನು ಕೈ ಹಾಕುವುದಿಲ್ಲ.

ನಂಬರ್ ಉಳಿಸುವುದು ಎಲ್ಲ ಕಡೆ ಅಷ್ಟು ಸುಲಭವಿಲ್ಲ. ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ದೂರು ಮತ್ತು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಎರಡಕ್ಕೂ ಒಂದೇ ಎಣಿಕೆ. ಕೋಡ್ ಮೊದಲು ಅಲ್ಲಿಗೆ ಹೋಗಿ, ದೂರುಗಳು ಆಮೇಲೆ ಹೋದರೆ ನಂಬರುಗಳು ಅಷ್ಟರಲ್ಲಿ ತುಂಬಿಹೋಗಿರುತ್ತವೆ. ಅಂಥದ್ದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್‌ನಲ್ಲಿ ದೂರಿಗೆ ಒಂದು ಎಣಿಕೆ, ಮರ್ಜ್ ರಿಕ್ವೆಸ್ಟಿಗೆ (ಪುಲ್ ರಿಕ್ವೆಸ್ಟಿಗೆ ಅಲ್ಲಿನ ಹೆಸರು) ಇನ್ನೊಂದು. ಹಾಗಾಗಿಯೇ ಹ್ಯಾಸ್ಕೆಲ್ ಭಾಷೆಯ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಜಿಎಚ್‌ಸಿ 2018ರ ಕೊನೆಯಲ್ಲಿ ಟ್ರ್ಯಾಕ್ ಎಂಬ ಟ್ರ್ಯಾಕರ್ ಬಿಟ್ಟು ಗಿಟ್‌ಲ್ಯಾಬಿಗೆ ಬಂದಾಗ ಹಳೆಯ ನಂಬರುಗಳನ್ನೇ ಉಳಿಸಿಕೊಳ್ಳಲು ಆಯಿತು. ಆಫೀಸ್ ತಂತ್ರಾಂಶವಾದ ಲಿಬ್ರೆಆಫೀಸ್ 2015ರ ಜನವರಿಯಲ್ಲಿ ಫ್ರೀಡೆಸ್ಕ್‌ಟಾಪ್ ಎಂಬ ಬೇರೆ ಪ್ರಾಜೆಕ್ಟಿನ ಬಗ್ಜಿಲ್ಲಾ ಬಿಟ್ಟು ತನ್ನದೇ ಬಗ್ಜಿಲ್ಲಾ ಮಾಡಿಕೊಂಡಿತು. ನಂಬರ್ ಅದೇ, ಅದಕ್ಕೆ ಮೊದಲು ಬರುವ ಅಕ್ಷರ ಮಾತ್ರ ಎಫ್‌ಡಿಒ ಇದ್ದದ್ದು ಟಿಡಿಎಫ್ ಆಯಿತು. ಝಿಗ್ ಭಾಷೆಯವರು 2025ರ ನವೆಂಬರಿನಲ್ಲಿ ಗಿಟ್‌ಹಬ್ ಬಿಟ್ಟು ಕೋಡ್‌ಬರ್ಗ್ ಎಂಬ ತಾಣಕ್ಕೆ ಹೋದಾಗ ಹಳೆಯದನ್ನು ಅಲ್ಲೇ ಬಿಟ್ಟು, ಹೊಸ ಎಣಿಕೆಯನ್ನು 30000ದಿಂದ ಶುರು ಮಾಡಿದರು. ನಂಬರ್ ನೋಡಿದರೇ ಹಳೆಯದೋ ಹೊಸದೋ ತಿಳಿಯುತ್ತದೆ. ಏನೂ ಸಾಗಿಸಲು ಆಗದ ಸಣ್ಣ ತಂಡಕ್ಕೆ ನಾನು ಹೇಳುವುದು ಇದನ್ನೇ: ಒಂದರಿಂದ ಮಾತ್ರ ಶುರು ಮಾಡಬೇಡಿ.

ಕಂಪೈಲರ್ ಕಟ್ಟುವ ಎಲ್‌ಎಲ್‌ವಿಎಂ ಪ್ರಾಜೆಕ್ಟಿನ ಕಥೆಯಲ್ಲಿ ಇನ್ನೊಂದು ತೊಡಕಿದೆ. ಅವರು 2021ರ ಡಿಸೆಂಬರಿನಲ್ಲಿ ಬಗ್ಜಿಲ್ಲಾದಿಂದ ಗಿಟ್‌ಹಬ್‌ಗೆ ಬಂದರು. ಅವರ ಹಳೆಯ ಕಮಿಟ್‌ಗಳಲ್ಲಿ ಬಗ್‌ಗೆ ಪಿಆರ್ ಅಂತ ಬರೆಯುವ ರೂಢಿ. ಪ್ರಾಬ್ಲಮ್ ರಿಪೋರ್ಟ್ ಅಂತ ಅದರ ಅರ್ಥ. ಗಿಟ್‌ಹಬ್‌ನಲ್ಲಿ ಬೆಳೆದ ಹುಡುಗರಿಗೆ ಪಿಆರ್ ಅಂದರೆ ಪುಲ್ ರಿಕ್ವೆಸ್ಟ್. ಎಲ್‌ಎಲ್‌ವಿಎಂನವರನ್ನು ಕಾಪಾಡಿದ್ದು ಒಂದು ಹಳೆಯ ಒಳ್ಳೆಯ ಅಭ್ಯಾಸ: ಬಗ್‌ಗಳಿಗೆ ಎಲ್‌ಎಲ್‌ವಿಎಂ ಡೊಮೈನಿನದ್ದೇ ಒಂದು ಗಿಡ್ಡ ಕೊಂಡಿ ಇತ್ತು. ಟ್ರ್ಯಾಕರ್ ಬದಲಾದ ಮೇಲೂ ಆ ಕೊಂಡಿ ಸರಿಯಾದ ಜಾಗಕ್ಕೆ ಕರೆದುಕೊಂಡು ಹೋಗುತ್ತದೆ. ಇವತ್ತೇ ಪ್ರಾಜೆಕ್ಟ್ ಶುರು ಮಾಡುತ್ತಿದ್ದೀರಾ? ಕೋಡಿನಲ್ಲಿ ಟ್ರ್ಯಾಕರಿನ ವಿಳಾಸ ಬರೆಯಬೇಡಿ. ನಿಮ್ಮ ಡೊಮೈನಿನ ವಿಳಾಸ ಬರೆಯಿರಿ, ಅಲ್ಲಿಂದ ಟ್ರ್ಯಾಕರಿಗೆ ತಿರುಗಿಸಿ. ಅರ್ಧ ಗಂಟೆಯ ಕೆಲಸ. ಯಾವ ಟ್ರ್ಯಾಕರೂ ನಿಂತುಹೋಗಬಹುದು. ಫ್ಯಾಬ್ರಿಕೇಟರನ್ನು ಮಾಡುತ್ತಿದ್ದ ಕಂಪನಿ 2021ರ ಜೂನಿನಲ್ಲಿ ಅದರ ಅಭಿವೃದ್ಧಿ ನಿಲ್ಲಿಸಿತು. ಬಳಸುವವರು ಸೇರಿ ಫೋರ್ಜ್ ಎಂಬ ಕವಲು ಮಾಡಿ ಅದನ್ನು ಉಳಿಸಿಕೊಂಡರು. ಎಲ್ಲ ಟ್ರ್ಯಾಕರಿಗೂ ಅಂಥ ಜನ ಸಿಗುತ್ತಾರೆ ಅಂತ ನಂಬಿ ಕೂರಲು ಆಗುವುದಿಲ್ಲ.

ಬದಲಿಸಬೇಕೋ ಬೇಡವೋ ಅನ್ನುವ ಜಗಳದ ಬಗ್ಗೆ ಪೈಥಾನ್ ಭಾಷೆಯ ಉದಾಹರಣೆ ಹೇಳುತ್ತೇನೆ. ಅವರ ದೂರುಗಳು ಮೊದಲು ಸೋರ್ಸ್‌ಫೋರ್ಜ್ ಎಂಬ ತಾಣದಲ್ಲಿದ್ದವು. 2007ರಲ್ಲಿ ರೌಂಡಪ್‌ಗೆ ಬಂದವು. ಅದೂ ಪೈಥಾನಿನಲ್ಲೇ ಬರೆದ ಟ್ರ್ಯಾಕರ್. 2017ರಲ್ಲಿ ಕೋಡ್ ಗಿಟ್‌ಹಬ್‌ಗೆ ಹೋಯಿತು, ದೂರುಗಳು ರೌಂಡಪ್‌ನಲ್ಲೇ ಉಳಿದವು. ಅದನ್ನೂ ಗಿಟ್‌ಹಬ್‌ಗೆ ಒಯ್ಯೋಣ ಅಂತ ಮರಿಯಾಟ್ಟಾ ವಿಜಯ ಪೆಪ್ 581 ಬರೆದರು (ಪೆಪ್ ಅಂದರೆ ಪೈಥಾನಿಗೆ ಬದಲಾವಣೆ ಸೂಚಿಸುವ ಬರಹ). 2019ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಜಿಯೊ ಮೆಲೊಟ್ಟಿ ಇನ್ನೊಬ್ಬರ ಜೊತೆ ಸೇರಿ ಪೆಪ್ 595 ಬರೆದರು. ಇರುವ ಟ್ರ್ಯಾಕರನ್ನೇ ಸರಿ ಮಾಡೋಣ ಅನ್ನುವುದು ಅವರ ವಾದ. ಅದು ತಿರಸ್ಕೃತವಾಯಿತು. 2022ರ ಏಪ್ರಿಲಿನಲ್ಲಿ ಸಾಗಾಟ ನಡೆದಾಗ ಅದರ ಪ್ರಾಜೆಕ್ಟ್ ಮ್ಯಾನೇಜರ್ ಯಾರು ಗೊತ್ತಾ? ಅದೇ ಮೆಲೊಟ್ಟಿ.

ಈ ಸಂಗತಿ ನನ್ನನ್ನು ತುಂಬ ಮುಟ್ಟಿತು. ಹಳೆಯ ಮನೆಯ ಯಾವ ಗೂಡಿನಲ್ಲಿ ಏನಿದೆ ಅಂತ ಗೊತ್ತಿರುವುದು ಅದನ್ನು ಬಿಡಲು ಮನಸ್ಸಿಲ್ಲದವರಿಗೇ. ಸಾಗಾಟ ಬೇಡ ಅನ್ನುವವರನ್ನು ದೂರ ಇಟ್ಟು ಕೆಲಸ ಮಾಡಿದರೆ, ಏನು ಕಳೆದುಹೋಯಿತು ಅಂತ ಹೇಳುವವರೂ ಇರುವುದಿಲ್ಲ. ಪೈಥಾನಿನವರಿಗೆ ನಂಬರ್ ಉಳಿಸಲು ಆಗಲಿಲ್ಲ, ಐದು ವರ್ಷಗಳ ಪುಲ್ ರಿಕ್ವೆಸ್ಟ್‌ಗಳು ಆ ಜಾಗ ಹಿಡಿದಿದ್ದವು. ಆದರೆ ರೌಂಡಪ್ ಈಗಲೂ ಓದಲು ಸಿಗುತ್ತದೆ. ಪ್ರತಿ ಹಳೆಯ ದೂರಿನಲ್ಲಿ ಹೊಸ ನಂಬರಿನ ಕೊಂಡಿ ಇದೆ.

ಬದಲಿಸದೆ ಇರುವುದೂ ಒಂದು ಒಳ್ಳೆಯ ಉತ್ತರವೇ. ಬಗ್ಜಿಲ್ಲಾ ಹುಟ್ಟಿದ್ದು ಮೊಝಿಲ್ಲಾದಲ್ಲಿ, 1998ರಲ್ಲಿ. ಫೈರ್‌ಫಾಕ್ಸ್ ಇವತ್ತಿಗೂ ಅದರಲ್ಲೇ ಇದೆ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೊ ಟ್ರ್ಯಾಕ್‌ನಲ್ಲೇ ಇದೆ. ಲಿನಕ್ಸ್ ಡೆಸ್ಕ್‌ಟಾಪ್ ಮಾಡುವ ಕೆಡಿಇ ಕೋಡನ್ನು ಗಿಟ್‌ಲ್ಯಾಬಿಗೆ ಒಯ್ದರೂ ಬಗ್‌ಗಳನ್ನು ಬಗ್ಜಿಲ್ಲಾದಲ್ಲೇ ಇಟ್ಟುಕೊಂಡಿದೆ. ನೋಡಲು ಹಳೆಯದಾಯಿತು ಅನ್ನುವ ಕಾರಣಕ್ಕೆ ನಾನು ಬದಲಿಸುವುದಿಲ್ಲ. ಅದನ್ನು ನೋಡಿಕೊಳ್ಳುವವರು ಒಬ್ಬರೇ ಉಳಿದಿದ್ದಾರೆ, ಅವರಿಗೂ ಸುಸ್ತಾಗಿದೆ ಅಂದರೆ ಆಗ ಬದಲಿಸುತ್ತೇನೆ.

ಇನ್ನು ಪರೀಕ್ಷೆಯ ಸಾಗಾಟ. ಇದನ್ನು ಎರಡು ಸಲವಾದರೂ ಮಾಡಬೇಕು. ಎಂಥೆಂಥ ಕಡೆ ಎಡವುತ್ತೇವೆ ಅಂತ ಕಣ್ಣಾರೆ ನೋಡಿದರೇ ತಿಳಿಯುವುದು. ಪ್ರೋಗ್ರಾಂ ಕ್ರ್ಯಾಶ್ ಆದಾಗ ಬರುವ ಪಟ್ಟಿಯಲ್ಲಿ #0, #1, #2 ಅಂತ ಸಾಲುಗಳಿರುತ್ತವೆ. ಗಿಟ್‌ಹಬ್ ಅದನ್ನು ದೂರಿನ ನಂಬರ್ ಅಂತ ತಿಳಿಯುತ್ತದೆ. ಸಾವಿರಾರು ಕ್ರ್ಯಾಶ್ ವರದಿಗಳೆಲ್ಲ ಮೊದಲ ಹತ್ತು ದೂರುಗಳಿಗೆ ಕೊಂಡಿ ಹಾಕಿ ಕೂರುತ್ತವೆ. @ ಚಿಹ್ನೆ ಇನ್ನೂ ಕಷ್ಟ. ಪೈಥಾನಿನಲ್ಲಿ ಅದರ ಮುಂದೆ ಪ್ರಾಪರ್ಟಿ ಅಂತ ಬರೆಯುತ್ತೇವೆ, ಜಾವಾದಲ್ಲಿ ಓವರ್‌ರೈಡ್ ಅಂತ. ಹೊಸ ಟ್ರ್ಯಾಕರ್ ಅದನ್ನು ಮನುಷ್ಯರ ಹೆಸರು ಅಂತ ತಿಳಿದು, ಆ ಹೆಸರಿನ ಖಾತೆ ಇರುವ ಯಾರಿಗೋ ಮೇಲ್ ಮೇಲೆ ಮೇಲ್ ಕಳಿಸುತ್ತದೆ. ನಮ್ಮ ಮೊದಲ ಪರೀಕ್ಷೆಯಲ್ಲಿ ಹೀಗೇ ಆಯಿತು. ಸಂಬಂಧವೇ ಇಲ್ಲದ ಒಬ್ಬರು ಬೇಸರದಿಂದ ಬರೆದರು, ನಾವು ಕ್ಷಮೆ ಕೇಳಿದೆವು. ಅಂದಿನಿಂದ @ ಮತ್ತು # ಎರಡನ್ನೂ ಕೋಡ್ ತುಣುಕಿನ (ಟ್ರ್ಯಾಕರ್ ಕೊಂಡಿ ಮಾಡದೆ ಹಾಗೇ ತೋರಿಸುವ ಭಾಗದ) ಒಳಗೆ ಕೂರಿಸಿದ ಮೇಲೆಯೇ ಮುಂದಿನ ಹೆಜ್ಜೆ. ಹಾಗೆಯೇ, ಬಗ್ಜಿಲ್ಲಾ ಲಾಗಿನ್ ಆಗದವರಿಗೆ ಇಮೇಲ್ ವಿಳಾಸ ಪೂರ್ತಿ ತೋರಿಸುವುದಿಲ್ಲ. ಡೇಟಾಬೇಸಿನಿಂದ ನೇರ ಎತ್ತಿಕೊಂಡರೆ ಎಲ್ಲವೂ ಬಯಲಿಗೆ ಬರುತ್ತದೆ. ಗುಟ್ಟಾಗಿ ಇಟ್ಟ ಭದ್ರತೆಯ ದೂರುಗಳದ್ದೂ ಇದೇ ಅಪಾಯ.

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಲ್ಲಿ ಉಳಿದದ್ದು ಒಂದು ಕನ್ನಡದ ದೂರು. ಅಕ್ಷರ ಸರಿಯಾಗಿ ಮೂಡುತ್ತಿಲ್ಲ ಅಂತ ಯಾರೋ ತುಂಬ ಶ್ರದ್ಧೆಯಿಂದ ಬರೆದಿದ್ದರು. ರ‍್ಯಾಂಕ್ ಅಂತ ಟೈಪ್ ಮಾಡಿದರೆ ರ್ಯಾಂಕ್ ಅಂತ ಕಾಣುತ್ತಿದೆ, ರಕಾರ ಅರ್ಕಾವತ್ತಾಗಿ ಹೋಗುತ್ತಿದೆ ಅನ್ನುವುದು ದೂರು. ಈ ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಕಾಣದ ಅಕ್ಷರ, ಝಡ್‌ಡಬ್ಲ್ಯುಜೆ (ಝೀರೋ ವಿಡ್ತ್ ಜಾಯ್ನರ್). ಮೊದಲ ಪರೀಕ್ಷೆಯಲ್ಲಿ ಡೇಟಾಬೇಸಿನ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ರೀತಿ) ತಪ್ಪಾಗಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಯಿತು. ಅದು ಕಣ್ಣಿಗೆ ಕಂಡಿತು, ಸರಿ ಮಾಡಿದೆವು. ಎರಡನೆಯ ಪರೀಕ್ಷೆಯಲ್ಲಿ ಕನ್ನಡ ಚೆನ್ನಾಗಿ ಬಂತು. ಆದರೆ ನಾವು ಬಳಸಿದ ಪರಿವರ್ತಕ ಕಾಣದ ಅಕ್ಷರಗಳನ್ನೆಲ್ಲ ಕಸ ಅಂತ ಗುಡಿಸಿಹಾಕಿತ್ತು. ಹೊಸ ಟ್ರ್ಯಾಕರಿನಲ್ಲಿ ಆ ದೂರು ಹೀಗಿತ್ತು: "ರ್ಯಾಂಕ್ ಅಂತ ಟೈಪ್ ಮಾಡಿದರೆ ರ್ಯಾಂಕ್ ಅಂತ ಕಾಣುತ್ತದೆ." ಓದಿದ ಯಾರೇ ಆದರೂ ಇದರಲ್ಲಿ ತೊಂದರೆ ಏನಿದೆ ಅಂತ ಮುಚ್ಚಿಬಿಡುತ್ತಿದ್ದರು. ತಂಡದಲ್ಲಿ ಕನ್ನಡ ಓದುವವಳು ನಾನೊಬ್ಬಳೇ ಇದ್ದೆ. ನಾನೂ ಅವತ್ತು ಸುಮ್ನೆ ಕಣ್ಣಾಡಿಸಿ ಮುಂದೆ ಹೋಗಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಹಳೆಯ ಮತ್ತು ಹೊಸ ಪಠ್ಯವನ್ನು ಬೈಟ್ ಬೈಟಾಗಿ ಹೋಲಿಸದೆ ಯಾವ ಸಾಗಾಟಕ್ಕೂ ಸಹಿ ಹಾಕುವುದಿಲ್ಲ. ಅರೇಬಿಕ್, ಮಲಯಾಳಂ, ಸಿಂಹಳದ ದೂರುಗಳಿಗೂ ಇದು ಅಷ್ಟೇ ಮುಖ್ಯ.

ಸಾಗಾಟದ ನೆಪದಲ್ಲಿ ಹಳೆಯ ದೂರುಗಳನ್ನು ಒಟ್ಟಿಗೆ ಮುಚ್ಚಿಬಿಡುವುದನ್ನೂ ನಾನು ಒಪ್ಪುವುದಿಲ್ಲ. ಎರಡು ವರ್ಷ ಯಾರೂ ಉತ್ತರ ಕೊಡಲಿಲ್ಲ ಅಂದರೆ ಬಗ್ ಸತ್ತಿತು ಅಂತಲ್ಲ. ಪರೀಕ್ಷಿಸಿ ನೋಡಿ, ಈಗ ಸರಿಯಿದೆ ಅಂತ ಬರೆದು ಮುಚ್ಚಿ. ಅಷ್ಟು ಸಮಯವಿಲ್ಲದಿದ್ದರೆ ತೆರೆದೇ ಇಡಿ.

ಅಂದಹಾಗೆ ಆ ಬಗ್ 1482 ಸಿಕ್ಕಿತು. ಹಳೆಯ ಟ್ರ್ಯಾಕರ್ ಪ್ರತಿ ಮಾತನ್ನೂ ಮೇಲ್ ಮಾಡುತ್ತಿತ್ತು. ಪ್ರಾಜೆಕ್ಟ್ ಬಿಟ್ಟು ಎಷ್ಟೋ ವರ್ಷವಾಗಿದ್ದ ಒಬ್ಬರ ಮೇಲ್‌ಬಾಕ್ಸಿನಲ್ಲಿ ಅದು ಹಾಗೇ ಇತ್ತು. ಕೇಳಿದ ದಿನವೇ ಹುಡುಕಿ ಕಳಿಸಿದರು. ಒಂದು ಬಗೆಯ ನೆಟ್‌ವರ್ಕ್ ಡ್ರೈವ್ ಫೈಲ್ ಪೂರ್ತಿ ಬರೆಯುವ ಮೊದಲೇ ಬರೆದಾಯಿತು ಅಂತ ಹೇಳುತ್ತಿತ್ತಂತೆ. ಅದರಿಂದ ಒಬ್ಬ ವಿದ್ಯಾರ್ಥಿಯ ಪ್ರಬಂಧದ ಅರ್ಧ ಹೋಗಿತ್ತು. ಸಾಲನ್ನು ಹಾಗೇ ಬಿಟ್ಟೆ. ಟಿಪ್ಪಣಿಯಲ್ಲಿ ಕಾರಣವನ್ನು ಎರಡು ಸಾಲಿನಲ್ಲಿ ಬರೆದೆ. ಕೆಳಗೆ ಹಳೆಯ ನಂಬರನ್ನೂ ಉಳಿಸಿದೆ, ಅದು ಯಾವ ಟ್ರ್ಯಾಕರಿನದು ಅಂತ ಸೇರಿಸಿ.